‘ಗೌಪ್ಯ’ ಮೊಹರಿನ ಮೂರು ಹಾಳೆ: ಎಫ್‌ಐಆರ್‌ನಿಂದ ಫೋನು ವಾಪಸಾಗುವವರೆಗೆ 19 ತಿಂಗಳು

ಕಳೆದ ವಾರ ಕೋರ್ಟಿನ ಮುದ್ದೆಮಾಲು (ಜಪ್ತಿಯಾದ ವಸ್ತುಗಳ) ಕೋಣೆಯಿಂದ ನಮ್ಮ ಎರಡು ಫೋನು, ಒಂದು ಲ್ಯಾಪ್‌ಟಾಪು, ಡಿಟಿಪಿ ಕಂಪ್ಯೂಟರಿನ ಹಾರ್ಡ್‌ಡಿಸ್ಕು ವಾಪಸ್ ಬಂದವು. 1923ರ ಅಧಿಕೃತ ರಹಸ್ಯ ಕಾಯ್ದೆಯಡಿ ನಮ್ಮ ವಾರಪತ್ರಿಕೆಯ ಮೇಲೆ ಬಿದ್ದಿದ್ದ ಕೇಸು ಅಲ್ಲಿಗೆ ಮುಗಿಯಿತು, ಸದ್ಯಕ್ಕೆ. ‘ಸದ್ಯಕ್ಕೆ’ ಎಂದು ಏಕೆ ಬರೆದೆನೆಂಬುದು ಕೊನೆಗೆ ಬರುತ್ತದೆ. ಮೊದಲ ನೋಟಿಸ್ ಕೈಗೆ ಬಂದ ರಾತ್ರಿ ಈ ಕಾಯ್ದೆಯ ಬಗ್ಗೆ ಕನ್ನಡದಲ್ಲಿ ಏನಾದರೂ ಸಿಗುತ್ತದೆಯೇ ಎಂದು ಹುಡುಕಿ ಸೋತಿದ್ದೆವು. ನಾಳೆ ಇನ್ನೊಬ್ಬರು ಹಾಗೆ ಹುಡುಕುವಾಗ ಇದು ಸಿಗಲಿ ಎಂದು ಬರೆಯುತ್ತಿದ್ದೇನೆ. ಊರು, ಜಲಾಶಯ, ಠಾಣೆ, ಇಲಾಖೆಯ ಹೆಸರು ಹಾಕಿಲ್ಲ. ಹಾಳೆಗಳು ಎಲ್ಲಿಂದ ಬಂದವು ಎಂಬುದರ ಸುಳಿವನ್ನೂ ಇಲ್ಲಿ ಹುಡುಕಬೇಡಿ.

ಅವು ಮೂರು ಹಾಳೆ. ಒಂದು ಜಲಾಶಯದ ಗೇಟುಗಳ ಸ್ಥಿತಿಯ ಬಗ್ಗೆ ಎಂಜಿನಿಯರರೊಬ್ಬರು ಮೇಲಿನವರಿಗೆ ಬರೆದ ಟಿಪ್ಪಣಿ. ಮೊದಲ ಹಾಳೆಯ ಬಲತುದಿಯಲ್ಲಿ ‘ಗೌಪ್ಯ’ ಎಂಬ ನೇರಳೆ ಮೊಹರು. ಗೇಟಿನ ಸರಪಳಿಗಳನ್ನು ಎಂದು ಬದಲಿಸಬೇಕಿತ್ತು, ಏಕೆ ಬದಲಿಸಿಲ್ಲ, ಹಣ ಎಲ್ಲಿ ನಿಂತಿದೆ ಎಂಬುದೆಲ್ಲ ಅದರಲ್ಲಿತ್ತು. ಕೆಳಗಿನ ಹಳ್ಳಿಗಳ ಜನ ಮಳೆಗಾಲಕ್ಕೆ ಮುಂಚೆ ಇದನ್ನು ತಿಳಿದಿರಬೇಕು ಎಂಬುದರಲ್ಲಿ ನಮಗೆ ಎರಡು ಮಾತಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ.

ಪ್ರಕಟಿಸುವ ಮೊದಲು ನಾಲ್ಕು ದಿನ ತೆಗೆದುಕೊಂಡೆವು. ಆಗ ಮಾಡಿದ ಒಂದು ಕೆಲಸ ಕೊನೆಯವರೆಗೂ ಕೈಹಿಡಿಯಿತು. ಟಿಪ್ಪಣಿಯಲ್ಲಿದ್ದ ಒಂದೊಂದು ಸಂಗತಿಯೂ ಬೇರೆಲ್ಲಾದರೂ ಈಗಾಗಲೇ ಬಹಿರಂಗವಾಗಿದೆಯೇ ಎಂದು ಹುಡುಕಿ ಒಂದು ಪ್ರತ್ಯೇಕ ಫೈಲು ಮಾಡಿದ್ದೆವು. ವಿಧಾನಮಂಡಲದಲ್ಲಿ ಕೊಟ್ಟ ಲಿಖಿತ ಉತ್ತರಗಳು, ಟೆಂಡರ್ ಪ್ರಕಟಣೆಗಳು, ಹಳೆಯ ಪತ್ರಿಕೆಗಳ ಸುದ್ದಿ, ಮಾಹಿತಿ ಹಕ್ಕಿನಡಿ ಬೇರೆಯವರು ಪಡೆದಿದ್ದ ಪ್ರತಿಗಳು, ಎಲ್ಲ ದಿನಾಂಕ ಸಮೇತ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಣೆಕಟ್ಟಿನ ತಪಾಸಣೆ ಆಗಬೇಕು ಎಂದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯೇ ಹೇಳುತ್ತದೆ. ಅದರ ಪ್ರತಿಯನ್ನೂ ಸೇರಿಸಿದ್ದೆವು. ಇಂಥ ಫೈಲು ಏಕೆ ಬೇಕು ಎಂಬುದಕ್ಕೆ ಇಫ್ತಿಕಾರ್ ಗಿಲಾನಿ ಅವರ ಪ್ರಕರಣ ಸಾಕು. 2002ರ ಜೂನ್‌ನಲ್ಲಿ ದೆಹಲಿಯಲ್ಲಿ ಬಂಧಿತರಾದ ಆ ಪತ್ರಕರ್ತ ಏಳು ತಿಂಗಳು ತಿಹಾರ್ ಜೈಲಿನಲ್ಲಿದ್ದರು. ಅವರ ಕಂಪ್ಯೂಟರಿನಲ್ಲಿ ಸಿಕ್ಕಿದ್ದು ಇಸ್ಲಾಮಾಬಾದಿನ ಒಂದು ಸಂಸ್ಥೆ ಅಚ್ಚುಹಾಕಿ, ಅಂತರ್ಜಾಲದಲ್ಲೂ ಸಿಗುತ್ತಿದ್ದ ಬರಹ. ಅದರಿಂದ ದೇಶಕ್ಕೆ ಅಪಾಯ ಎಂದು ಸೇನಾ ಗುಪ್ತಚರ ವಿಭಾಗ ಮೊದಲು ಅಭಿಪ್ರಾಯ ಕೊಟ್ಟಿತ್ತು. ಅದು ಯಾರಿಗಾದರೂ ಸಿಗುವ ಮಾಹಿತಿ ಎಂಬ ಎರಡನೆಯ ಅಭಿಪ್ರಾಯ ಬಂದ ಮೇಲೆ, 2003ರ ಜನವರಿಯಲ್ಲಿ ಸರ್ಕಾರ ಕೇಸು ಹಿಂದಕ್ಕೆ ಪಡೆಯಿತು.

ನಾವು ಮಾಡಿದ ತಪ್ಪು ಮೊದಲ ಹಾಳೆಯ ಫೋಟೋವನ್ನೇ ಮುಖಪುಟದಲ್ಲಿ ಹಾಕಿದ್ದು. ಮೊಹರು ಕಂಡರೆ ಓದುಗರಿಗೆ ನಂಬಿಕೆ ಬರುತ್ತದೆ ಎಂಬ ಆಸೆ. ಆದರೆ ಹಾಳೆಯ ಚಿತ್ರದಲ್ಲಿ ಓದುಗ ಕಾಣದ್ದನ್ನು ಇಲಾಖೆ ಕಾಣುತ್ತದೆ: ಅಂಚಿನಲ್ಲಿನ ಚಿಕ್ಕ ಸಹಿ, ಸ್ಟೇಪಲ್ ಪಿನ್ನಿನ ಗುರುತು, ಮಡಚಿದ ಗೆರೆ, ಯಾವ ಪ್ರತಿಯಲ್ಲಿ ಯಾರ ಷರಾ ಇತ್ತು ಎಂಬುದು. ಅಮೆರಿಕದಲ್ಲಿ 2017ರಲ್ಲಿ ಗುಪ್ತಚರ ದಾಖಲೆಯೊಂದನ್ನು ಪತ್ರಕರ್ತರಿಗೆ ಕಳಿಸಿದ ರಿಯಾಲಿಟಿ ವಿನ್ನರ್ ಎಂಬಾಕೆ ಸಿಕ್ಕಿಬಿದ್ದಾಗ ಪತ್ರಕರ್ತರೆಲ್ಲ ಕಲಿಯಬೇಕಿದ್ದ ಪಾಠ ಇದು. ಪರಿಶೀಲನೆಗೆಂದು ಸುದ್ದಿ ಸಂಸ್ಥೆಯವರು ಸರ್ಕಾರಕ್ಕೆ ತೋರಿಸಿದ ಪ್ರತಿಯಲ್ಲಿ ಮಡಚಿದ ಗುರುತಿತ್ತು. ಹಾಗಾದರೆ ಯಾರೋ ಮುದ್ರಿಸಿಕೊಂಡು ಹೊರಗೆ ಒಯ್ದಿದ್ದಾರೆ ಎಂದು ಲೆಕ್ಕ ಹಾಕಿದರು. ಮುದ್ರಿಸಿದವರು ಆರೇ ಜನ. ಆಕೆಗೆ 5 ವರ್ಷ 3 ತಿಂಗಳ ಶಿಕ್ಷೆಯಾಯಿತು. ಬಹಳಷ್ಟು ಬಣ್ಣದ ಲೇಸರ್ ಪ್ರಿಂಟರುಗಳು ಕಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕೆಗಳಲ್ಲಿ ಯಂತ್ರದ ಸಂಖ್ಯೆ, ದಿನ, ಹೊತ್ತನ್ನು ಹಾಳೆಯ ಮೇಲೆ ಬಿಡುತ್ತವೆ ಎಂಬುದೂ ಆಗಲೇ ಎಲ್ಲರಿಗೂ ತಿಳಿದದ್ದು. ಆದ್ದರಿಂದ ಹಾಳೆಯನ್ನು ಹಾಗೇ ಅಚ್ಚುಹಾಕಬೇಡಿ, ಸ್ಕ್ಯಾನ್ ಅನ್ನು ಯಾರಿಗೂ ಕಳಿಸಬೇಡಿ. ಬೇಕಾದ ಸಾಲುಗಳನ್ನು ಹೊಸದಾಗಿ ಟೈಪ್ ಮಾಡಿ ಬಳಸಿ. ಇಲಾಖೆಯ ಪ್ರತಿಕ್ರಿಯೆ ಕೇಳುವಾಗಲೂ ಸಂಗತಿಯನ್ನು ಕೇಳಿ, ಹಾಳೆಯನ್ನು ತೋರಿಸಬೇಡಿ.

ಪತ್ರಿಕೆ ಹೊರಬಂದ ಐದನೇ ದಿನ ಎಫ್‌ಐಆರ್ ಆಯಿತು. ನಮಗೆ ಗೊತ್ತಾದದ್ದು ಆರನೇ ದಿನ ಸಂಜೆ, ವಾಟ್ಸಾಪ್‌ನಲ್ಲಿ ಬಂದ ನೋಟಿಸಿನ ಫೋಟೋದಿಂದ. ಆರೋಪಿಗೆ ಹಾಜರಾಗಲು ಕೊಡುವ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಂತ ನೋಡದವರಂತೆ ಸುಮ್ಮನಿರಬೇಡಿ. ಮರುದಿನ ಬೆಳಿಗ್ಗೆ ವಕೀಲರ ಮೂಲಕ ‘ವಿಧಿವತ್ತಾಗಿ ನೋಟಿಸ್ ಕೊಡಿ, ಹಾಜರಾಗುತ್ತೇವೆ’ ಎಂದು ಪತ್ರ ಕೊಟ್ಟು, ನಮ್ಮ ಪ್ರತಿಯ ಮೇಲೆ ಠಾಣೆಯ ಸೀಲು ಹಾಕಿಸಿಕೊಂಡೆವು. ತಪ್ಪಿಸಿಕೊಂಡು ಓಡಾಡುತ್ತಿದ್ದಾರೆ ಎಂಬ ಮಾತು ಜಾಮೀನಿನ ವಿಚಾರಣೆಯಲ್ಲಿ ಎದ್ದಾಗ ಆ ಸೀಲೇ ಉತ್ತರವಾಯಿತು.

ಆ ವಾರ ಬಂದ ನೋಟಿಸುಗಳು ಒಟ್ಟು ಮೂರು. ಮೂರೂ ನೋಡಲು ಒಂದೇ ಥರ. ಮೂರರ ಅರ್ಥ ಬೇರೆ ಬೇರೆ ಎಂದು ತಿಳಿಯಲು ನಮಗೆ ಎರಡು ದಿನ ಬೇಕಾಯಿತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3) ಎಂದಿದ್ದರೆ ನೀವು ಆರೋಪಿ ಅಥವಾ ಶಂಕಿತ. ನೋಟಿಸಿನಂತೆ ನಡೆದುಕೊಂಡರೆ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. 179 ಎಂದಿದ್ದರೆ ನೀವು ಸಾಕ್ಷಿ. 94 ಎಂದಿದ್ದರೆ ದಾಖಲೆ ಅಥವಾ ಸಾಧನ ತಂದುಕೊಡಿ ಎಂಬ ಸೂಚನೆ. ಹೊಸ ಸಂಹಿತೆ ಅದರಲ್ಲಿ ಫೋನಿನಂಥ ಸಾಧನಗಳನ್ನೂ ಹೆಸರಿಸಿದೆ. ನಮ್ಮ ವರದಿಗಾರನಿಗೆ 35(3)ರ ಜೊತೆಗೇ 94ರ ನೋಟಿಸೂ ಬಂದಿತ್ತು, ಫೋನು ತಂದುಕೊಡಿ ಎಂದು. ಆರೋಪಿಯನ್ನೇ ಹೀಗೆ ತನ್ನ ವಿರುದ್ಧದ ದಾಖಲೆ ತಂದುಕೊಡು ಎಂದು ಕರೆಯಲಾಗದು ಎಂಬ ಸುಪ್ರೀಂ ಕೋರ್ಟಿನ 1965ರ ತೀರ್ಪು, ಶ್ಯಾಮಲಾಲ್ ಮೋಹನಲಾಲ್ ಚೋಕ್ಸಿ ಪ್ರಕರಣದ್ದು, ಹಳೆಯ ಸಂಹಿತೆಯ ಕಾಲದ್ದು. ಅದನ್ನು ಆಧಾರವಾಗಿಟ್ಟು ಲಿಖಿತ ಉತ್ತರ ಕೊಟ್ಟೆವು. ಬಾಯಿಮಾತಿನ ಉತ್ತರ ಯಾವುದಕ್ಕೂ ಕೊಡಬೇಡಿ.

ಎಫ್‌ಐಆರ್ ಪ್ರತಿ ಸಿಗುವುದೇ ಒಂದು ಹೋರಾಟವಾಯಿತು. ‘ಸೂಕ್ಷ್ಮ ಪ್ರಕರಣ’ ಎಂದು ವೆಬ್‌ಸೈಟಿಗೆ ಹಾಕಿರಲಿಲ್ಲ. 2016ರ ಯೂತ್ ಬಾರ್ ಅಸೋಸಿಯೇಷನ್ ತೀರ್ಪಿನ ಪ್ರಕಾರ ಹಾಗೆ ತಡೆಹಿಡಿಯುವ ತೀರ್ಮಾನ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, ಮತ್ತು ಆರೋಪಿ ಎಸ್‌ಪಿಗೆ ಅರ್ಜಿ ಹಾಕಬಹುದು. ನಾವು ಅದಕ್ಕೆ ಕಾಯದೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ ಮೂರನೇ ದಿನ ಪಡೆದೆವು. ಅದೇ ಬೇಗದ ದಾರಿ.

ಪ್ರತಿ ಓದಿದಾಗ ನಿಜವಾದ ಭಯ ಶುರುವಾಯಿತು. ಕಲಂ 5 ಇರುತ್ತದೆ ಎಂದು ಗೊತ್ತಿತ್ತು. ಅದು ಇಂಥ ದಾಖಲೆಯನ್ನು ಅನಧಿಕೃತವಾಗಿ ಇಟ್ಟುಕೊಳ್ಳುವ, ಹಂಚುವ, ಗೊತ್ತಿದ್ದೂ ಸ್ವೀಕರಿಸುವ ಅಪರಾಧ, 3 ವರ್ಷದವರೆಗೆ ಶಿಕ್ಷೆ. ಅದರ ಜೊತೆ ಕಲಂ 3, ಅಂದರೆ ಬೇಹುಗಾರಿಕೆಯ ಕಲಮೂ ಇತ್ತು. ಸೇನೆಗೆ, ರಕ್ಷಣೆಗೆ ಸಂಬಂಧಿಸಿದ್ದಾದರೆ 14 ವರ್ಷ, ಉಳಿದದ್ದಕ್ಕೆ 3 ವರ್ಷ. ಮೇಲೆ, ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 303 ಮತ್ತು 317, ಕಳವು ಮತ್ತು ಕಳವಿನ ಮಾಲು ಇಟ್ಟುಕೊಂಡದ್ದು. ಅಣೆಕಟ್ಟಿನ ಸರಪಳಿಯ ಸುದ್ದಿಗೆ ಬೇಹುಗಾರಿಕೆಯ ಕಲಂ ಏಕೆ ಎಂದು ತಲೆ ಕೆಡಿಸಿಕೊಂಡಿದ್ದಾಗ ವಕೀಲರು ಕಲಂ 8 ತೆಗೆದು ತೋರಿಸಿದರು. ಕಲಂ 3ರ ಅಪರಾಧದ ಬಗ್ಗೆ ತನಗೆ ಗೊತ್ತಿರುವುದನ್ನು ಎಸ್‌ಪಿ ಅಥವಾ ಅಧಿಕಾರ ಪಡೆದ ಇನ್‌ಸ್ಪೆಕ್ಟರ್ ಕೇಳಿದರೆ ಯಾರೇ ಆದರೂ ಹೇಳಬೇಕು, ಹೇಳದಿದ್ದರೆ ಅದೇ ಬೇರೆ ಅಪರಾಧ ಎನ್ನುತ್ತದೆ ಅದು. ಬರೀ ಕಲಂ 5 ಇದ್ದರೆ ಈ ಅಧಿಕಾರ ಇಲ್ಲ. ಕಲಂ 3 ಸೇರಿದ್ದು ನಮ್ಮನ್ನು ಜೈಲಿಗೆ ಹಾಕುವುದಕ್ಕಿಂತ ಹೆಚ್ಚಾಗಿ ಹಾಳೆ ಕೊಟ್ಟವರ ಹೆಸರು ಹೊರಡಿಸುವುದಕ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ವಿರುದ್ಧ ಆರೋಪಿಗೆ ಇರುವ ಆಸರೆ ಸಂವಿಧಾನದ 20(3)ನೇ ವಿಧಿ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಲು ಬಲವಂತ ಮಾಡುವಂತಿಲ್ಲ ಎಂಬುದು. ಆರೋಪಿಯಲ್ಲದ ಡಿಟಿಪಿ ಹುಡುಗನಿಗೆ, ಮುದ್ರಕರಿಗೆ ಅದೂ ಸುಲಭವಾಗಿ ಸಿಗದು. ಅದಕ್ಕೇ ಮೂಲದ ಹೆಸರು ಕಚೇರಿಯಲ್ಲಿ ಎಷ್ಟು ಕಡಿಮೆ ಜನಕ್ಕೆ ಗೊತ್ತಿರುತ್ತದೋ ಅಷ್ಟು ಒಳ್ಳೆಯದು. ನಮ್ಮಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಪತ್ರಕರ್ತರಿಗೆ ಮೂಲ ಮುಚ್ಚಿಡುವ ಹಕ್ಕು ಕಾನೂನಿನಲ್ಲೇ ಇದೆ ಎಂದು ಬಹಳ ಜನ ನಂಬಿದ್ದಾರೆ. ನಾವೂ ನಂಬಿದ್ದೆವು. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15(2) ಅಂಥ ರಕ್ಷಣೆ ಕೊಡುವುದು ನಿಜ, ಆದರೆ ಕೌನ್ಸಿಲಿನ ಮುಂದೆ ನಡೆಯುವ ವಿಚಾರಣೆಗೆ ಮಾತ್ರ. ಕೋರ್ಟಿಗೂ ಅನ್ವಯಿಸುವಂಥ ಕಲಮೊಂದನ್ನು ಸಾಕ್ಷ್ಯ ಕಾಯ್ದೆಗೆ ಸೇರಿಸಿ ಎಂದು ಕಾನೂನು ಆಯೋಗ 1983ರ ತನ್ನ 93ನೇ ವರದಿಯಲ್ಲಿ ಹೇಳಿತ್ತು. ಹೊಸ ಸಾಕ್ಷ್ಯ ಕಾನೂನು ಬಂದರೂ ಅದು ಸೇರಲಿಲ್ಲ. ಪೆಗಾಸಸ್ ಎಂಬ ಬೇಹು ತಂತ್ರಾಂಶದ ಪ್ರಕರಣದ 2021ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಮೂಲದ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯದ ಬುನಾದಿ ಎಂಬರ್ಥದ ಮಾತು ಹೇಳಿದೆ, ಅದನ್ನು ಅರ್ಜಿಯಲ್ಲಿ ಬಳಸಬಹುದು. ಆದರೆ 2023ರ ಜನವರಿಯಲ್ಲಿ ದೆಹಲಿಯ ಒಂದು ಕೋರ್ಟು, ಮೂಲ ಹೇಳದಿರಲು ಪತ್ರಕರ್ತರಿಗೆ ಶಾಸನಬದ್ಧ ವಿನಾಯಿತಿ ಇಲ್ಲ ಎಂದೇ ಹೇಳಿ ಸಿಬಿಐನ ಮುಕ್ತಾಯ ವರದಿಯನ್ನು ತಳ್ಳಿಹಾಕಿತು. ಎರಡನ್ನೂ ತಿಳಿದಿರಿ.

ಶೋಧಕ್ಕೆ ಬಂದದ್ದು ಎಂಟನೇ ದಿನ, ಬೆಳಿಗ್ಗೆ ಏಳಕ್ಕೆ, ಕಚೇರಿಗೂ ಮುದ್ರಣಾಲಯಕ್ಕೂ ಒಟ್ಟಿಗೆ. ಬಾಗಿಲಲ್ಲೇ ಕೇಳಬೇಕಾದದ್ದು ಒಂದೇ: ಯಾವ ಆದೇಶದ ಮೇಲೆ? ಈ ಕಾಯ್ದೆಯ ಕಲಂ 11ರ ಪ್ರಕಾರ ಮ್ಯಾಜಿಸ್ಟ್ರೇಟರ ವಾರಂಟ್ ಬೇಕು. ತೀರಾ ತುರ್ತು ಎನಿಸಿದರೆ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಸ್ವತಃ ಸಹಿ ಮಾಡಿದ ಲಿಖಿತ ಆದೇಶ ಇರಬೇಕು. ನಮ್ಮಲ್ಲಿಗೆ ಬಂದವರ ಹತ್ತಿರ ಎರಡನೆಯದಿತ್ತು. ಓದಿ, ದಿನಾಂಕ ಮತ್ತು ಹೊತ್ತು ಬರೆದುಕೊಂಡು ಒಳಗೆ ಬಿಟ್ಟೆವು. ಅಡ್ಡ ನಿಂತರೆ ಇನ್ನೊಂದು ಕೇಸು ಅಷ್ಟೇ. ಶೋಧದ ಆದಿಯಿಂದ ಅಂತ್ಯದವರೆಗೆ ವಿಡಿಯೊ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಎಂದು ಸುರಕ್ಷಾ ಸಂಹಿತೆಯ ಕಲಂ 105 ಹೇಳುತ್ತದೆ. ಅವರ ವಿಡಿಯೊ ಶುರುವಾದ ಹೊತ್ತು, ನಿಂತ ಹೊತ್ತು ಎರಡನ್ನೂ ಗುರುತು ಹಾಕಿಟ್ಟೆವು. ನಡುವೆ 40 ನಿಮಿಷ ನಿಂತಿತ್ತು.

ಫೋನುಗಳನ್ನು ತೆಗೆದುಕೊಂಡದ್ದು ಹೀಗೆ. ಟೇಬಲ್ಲಿನ ಮೇಲೆ ಎರಡು ಫೋನು, ಪಕ್ಕದಲ್ಲಿ ಕಂದು ಕವರು, ಬಿಳಿ ದಾರ, ಅರಗಿನ ಕಡ್ಡಿ, ಮೇಣದಬತ್ತಿ. ಎದುರಿನ ಚಹಾದಂಗಡಿಯ ಮಾಲೀಕರನ್ನೂ ಗಿರಣಿಯವರನ್ನೂ ಪಂಚರಾಗಿ ಕೂರಿಸಿದ್ದರು. ಇಬ್ಬರೂ ನಮ್ಮ ಮುಖ ನೋಡಲಾರದೆ ನೆಲ ನೋಡುತ್ತಿದ್ದರು. ಕವರಿನ ಬಾಯಿಗೆ ದಾರ ಸುತ್ತಿ, ಗಂಟಿನ ಮೇಲೆ ಅರಗು ಬಿಟ್ಟು ಪೊಲೀಸರೊಬ್ಬರು ಮೊಹರು ಒತ್ತುವಾಗಲೂ ಒಳಗಿದ್ದ ಫೋನು ರಿಂಗಾಗುತ್ತಿತ್ತು. ಆನ್ ಇದ್ದ ಫೋನನ್ನು ಹಾಗೇ ಕಾಗದದ ಕವರಿಗೆ ಹಾಕುವುದು ಸರಿಯಲ್ಲ. ಸಿಗ್ನಲ್ ತಡೆಯುವ ಫ್ಯಾರಡೆ ಚೀಲದಲ್ಲಿ ಇಡಬೇಕು, ತಜ್ಞರು ಜೊತೆಗಿರಬೇಕು, ಇದ್ದ ಸ್ಥಿತಿಯ ಫೋಟೋ ತೆಗೆಯಬೇಕು ಎಂದೆಲ್ಲ ನಮ್ಮ ಕರ್ನಾಟಕ ಹೈಕೋರ್ಟೇ 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಆ ತೀರ್ಪಿನ ಆ ಪುಟಗಳನ್ನು ಪ್ರಿಂಟ್ ತೆಗೆದು ಕಚೇರಿಯಲ್ಲಿ ಇಟ್ಟುಕೊಳ್ಳಿ.

ಸಬ್ ಇನ್‌ಸ್ಪೆಕ್ಟರು ಸಮಾಧಾನದಿಂದಲೇ ಹೇಳಿದರು: “ಪಾಸ್‌ವರ್ಡ್ ಬರದುಕೊಡ್ರಿ ಸರ, ಸಂಜಿಗೆ ಫೋನ್ ತಿರುಗಿ ಕೊಡ್ತೀವಿ.” ಸಂಪಾದಕರು “ಕೋರ್ಟ್ ಆದೇಶ ತರ್ರಿ, ಅಲ್ಲೇ ಉತ್ತರಾ ಕೊಡ್ತೀವ್ರಿ” ಎಂದರು. ಖನ್ನಾ ತೀರ್ಪಿನ ಈ ಭಾಗವನ್ನು ಸರಿಯಾಗಿ ತಿಳಿಯಬೇಕು, ಅರ್ಧ ತಿಳಿದರೆ ಮೋಸ ಹೋಗುತ್ತೀರಿ. ಒಪ್ಪಿಗೆ ಇಲ್ಲದಿದ್ದರೆ ಪೊಲೀಸರು ಕೋರ್ಟಿನ ಮೂಲಕವೇ ಬರಬೇಕು ಎಂದು ಅದು ಹೇಳುತ್ತದೆ. ಅದರ ಜೊತೆಗೆ, ಪಾಸ್‌ವರ್ಡ್ ಕೊಡುವುದು 20(3)ರ ಅರ್ಥದ ಸಾಕ್ಷ್ಯವಲ್ಲ, ಕೋರ್ಟ್ ಹೇಳಿದ ಮೇಲೂ ಕೊಡದಿದ್ದರೆ ಅದು ನಿಮಗೆ ವಿರುದ್ಧವಾಗಬಹುದು ಎಂದೂ ಹೇಳುತ್ತದೆ. ಹಾಗಾಗಿ ಪಾಸ್‌ವರ್ಡನ್ನೇ ಕೋಟೆ ಎಂದು ನಂಬಿ ಮೂಲದ ಜೊತೆಗಿನ ಮಾತುಕತೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಡಿ. ಒಮ್ಮೆ ನೋಟಿಸ್ ಬಂದ ಮೇಲೆ ಅಳಿಸಲೂಬೇಡಿ, ಅದು ಸಾಕ್ಷ್ಯನಾಶದ ಬೇರೆ ಅಪರಾಧವಾಗುತ್ತದೆ. ಉಳಿಸಿಕೊಳ್ಳದಿರುವ ಅಭ್ಯಾಸ ಮೊದಲ ದಿನದಿಂದಲೇ ಇರಬೇಕು.

ಮಹಜರಿಗೆ ಸಹಿ ಮಾಡುವ ಮುನ್ನ ಪೂರ್ತಿ ಓದಿದೆವು. ಫೋನಿನ ಗುರುತಿನ ಐಎಂಇಐ ಸಂಖ್ಯೆ, ಹಾರ್ಡ್‌ಡಿಸ್ಕಿನ ಸೀರಿಯಲ್ ಸಂಖ್ಯೆ ಇರಲಿಲ್ಲ, ಬರೆಸಿದೆವು. ಹ್ಯಾಶ್ ಮೌಲ್ಯ ದಾಖಲಿಸಿ ಎಂದು ಕೇಳಿದೆವು. ಆ ಕ್ಷಣಕ್ಕೆ ಡಿಸ್ಕಿನಲ್ಲಿದ್ದದ್ದರ ಬೆರಳಚ್ಚು ಅದು, ಒಳಗೆ ಒಂದಕ್ಷರ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದ ನಮೂನೆಯಲ್ಲೂ ಅದಕ್ಕೆ ಜಾಗವಿದೆ. ಸಲಕರಣೆ ಇಲ್ಲ ಎಂದರು. ‘ಕೇಳಿದೆವು, ದಾಖಲಿಸಲಿಲ್ಲ’ ಎಂದು ನಮ್ಮ ಸಹಿಯ ಕೆಳಗೇ ಬರೆದೆವು. ಆ ಒಂದು ಸಾಲು ಆಮೇಲೆ ಹೈಕೋರ್ಟಿನಲ್ಲಿ ಓದಲ್ಪಟ್ಟಿತು. ಮಹಜರಿನ ಪ್ರತಿ ಕೊಡಬೇಕಾದದ್ದು ಕಾನೂನು. ಪಡೆಯದೆ ಏಳಬೇಡಿ.

ಮುದ್ರಕರ ವಿಷಯ ಇಲ್ಲಿ ಹೇಳಲೇಬೇಕು. ಸಣ್ಣ ಪತ್ರಿಕೆಗಳು ಬೇರೆಯವರ ಆಫ್‌ಸೆಟ್ಟಿನಲ್ಲಿ ಅಚ್ಚಾಗುತ್ತವೆ, ಕೊನೆಯ ಪುಟದ ಕೆಳಗಿನ ಸಾಲಿನಲ್ಲಿ ಅವರ ಹೆಸರು ಇದ್ದೇ ಇರುತ್ತದೆ. ಪ್ಲೇಟುಗಳನ್ನು ಜಪ್ತಿ ಮಾಡಿ, ಅವರನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿ ಕಳಿಸಿದರು. ಅವರು ಮುಂದಿನ ಎರಡು ಸಂಚಿಕೆ ಅಚ್ಚುಹಾಕಲಿಲ್ಲ. ಅವರ ಮೇಲೆ ನಮಗೆ ಸಿಟ್ಟಿಲ್ಲ. ಅವರಿಗೆ ಮೊದಲೇ ಹೇಳದೆ ಅಚ್ಚಿಗೆ ಕೊಟ್ಟದ್ದು ನಮ್ಮ ಅಪರಾಧ.

ಬಂಧನದ ಭಯ ಇದ್ದದ್ದು 11 ದಿನ. ಕಲಂ 5 ಜಾಮೀನಿಗೆ ಅರ್ಹವೇ ಅಲ್ಲವೇ ಎಂದು ಇಬ್ಬರು ವಕೀಲರು ಎರಡು ಮಾತು ಹೇಳಿದರು. ಕಾರಣ, ಶಿಕ್ಷೆ ‘3 ವರ್ಷದವರೆಗೆ’ ಎಂದಿರುವುದು. ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹಾಗೇ ಇರುವ ಅಪರಾಧವೊಂದನ್ನು ಸುಪ್ರೀಂ ಕೋರ್ಟ್ 2022ರ ನಿಟ್ ಪ್ರೊ ಪ್ರಕರಣದಲ್ಲಿ ಜಾಮೀನುರಹಿತ ಎಂದಿದೆ. ಹಾಗಾಗಿ ಜಾಮೀನುರಹಿತ ಎಂದೇ ಹಿಡಿದು ಸೆಷನ್ಸ್ ಕೋರ್ಟಿನಲ್ಲಿ ಸುರಕ್ಷಾ ಸಂಹಿತೆಯ 482ರಡಿ ನಿರೀಕ್ಷಣಾ ಜಾಮೀನಿಗೆ ಹಾಕಿದೆವು. ಅರ್ಜಿಯ ಜೊತೆ ಪ್ರಕಟವಾದ ಸಂಚಿಕೆ, ಠಾಣೆಯ ಸೀಲಿದ್ದ ಪತ್ರ, ಬಹಿರಂಗ ಮಾಹಿತಿಯ ಆ ಫೈಲು. ಸರ್ಕಾರಿ ವಕೀಲರು ಎರಡು ಬಾರಿ ಸಮಯ ಕೇಳಿದರು. ರಹಸ್ಯ ಕಾಯ್ದೆಯ ಕಲಂ 14ರಡಿ ಸಾರ್ವಜನಿಕರನ್ನು ಹೊರಗಿಟ್ಟು ವಿಚಾರಣೆ ಮಾಡಿ ಎಂಬ ಅರ್ಜಿಯೂ ಬಂತು. ಸಂಪಾದಕರ ಹೆಂಡತಿ, ವರದಿಗಾರನ ಅಪ್ಪ ಕೋರ್ಟ್ ಹಾಲಿನ ಹೊರಗಿನ ಬೆಂಚಿನಲ್ಲಿ ಕೂತು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಆ 11 ದಿನ ವರದಿಗಾರ ಮನೆಯಲ್ಲಿ ಮಲಗಲಿಲ್ಲ. ಜಾಮೀನು ಸಿಕ್ಕಿತು: ತಲಾ 1 ಲಕ್ಷದ ಬಾಂಡು, ಇಬ್ಬರು ಶ್ಯೂರಿಟಿ, ತಿಂಗಳಿಗೆರಡು ಭಾನುವಾರ ಠಾಣೆಯಲ್ಲಿ ಸಹಿ. ಶ್ಯೂರಿಟಿಗೆ ನಿಲ್ಲುವವರ ಪಹಣಿ, ಆಧಾರ್, ಫೋಟೋ ಮೊದಲೇ ಸಿದ್ಧವಿರಲಿ. ‘ದೇಶದ್ರೋಹದ ಕೇಸಂತೆ’ ಎಂಬ ಪುಕಾರು ಹಬ್ಬಿದ ಮೇಲೆ ಪಹಣಿ ಕೊಡುವವರು ಸಿಗುವುದು ಕಷ್ಟ. ಕೊನೆಗೆ ನಿಂತವರು ಆ ಜಲಾಶಯದ ಕೆಳಗಿನ ಹಳ್ಳಿಯ ಇಬ್ಬರು ರೈತರು.

ಆಮೇಲೆ ಏಳು ತಿಂಗಳು ಏನೂ ಆಗಲಿಲ್ಲ. ಫೋನುಗಳು ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಹೋದವು ಎಂದಷ್ಟೇ ಗೊತ್ತು. ಇಲಾಖೆಯ ಜಾಹೀರಾತು ಬರುವುದು ನಿಂತಿತು, ನಿಲ್ಲಿಸಿದ್ದೇವೆ ಎಂದು ಯಾರೂ ಬರೆದುಕೊಡಲಿಲ್ಲ. ಈ ಅವಧಿಯಲ್ಲಿ ನಾವು ಮಾಡಿದ ಅತ್ಯಂತ ಉಪಯುಕ್ತ ಕೆಲಸಕ್ಕೆ ಖರ್ಚಾದದ್ದು 10 ರೂಪಾಯಿ. ಕಾಯ್ದೆಯ ಕಲಂ 2(8)ರಲ್ಲಿ ‘ನಿಷೇಧಿತ ಸ್ಥಳ’ದ ವ್ಯಾಖ್ಯೆ ಇದೆ. ನೀರಿನ ಕಾಮಗಾರಿಯ ಜಾಗ ತನ್ನಷ್ಟಕ್ಕೆ ನಿಷೇಧಿತವಾಗುವುದಿಲ್ಲ. ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚನೆ ಹೊರಡಿಸಬೇಕು, ಅದರ ಪ್ರತಿಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಆ ಸ್ಥಳದಲ್ಲೇ ಅಂಟಿಸಿರಬೇಕು. ಅಂದರೆ ನಮ್ಮಲ್ಲಿ ಕನ್ನಡದಲ್ಲಿ. ಅಧಿಸೂಚನೆಯ ಪ್ರತಿ ಕೊಡಿ ಎಂದು ಕೇಂದ್ರದ ಸಂಬಂಧಪಟ್ಟ ಸಚಿವಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಜಲಾಶಯದ ಗೇಟಿನ ಬಳಿ ಇದ್ದ ಎಲ್ಲ ಫಲಕಗಳ ಫೋಟೋ ತೆಗೆದೆವು: ‘ಈಜುವುದು ಅಪಾಯ’, ‘ಫೋಟೋ ತೆಗೆಯಬೇಡಿ’, ‘ಇಲ್ಲಿ ಕಸ ಹಾಕಬೇಡಿ’. ಅಧಿಸೂಚನೆ ಎಲ್ಲೂ ಇರಲಿಲ್ಲ. ಅಂಥ ದಾಖಲೆ ಲಭ್ಯವಿಲ್ಲ ಎಂಬ ಒಂದು ಸಾಲಿನ ಉತ್ತರ ಮೇಲ್ಮನವಿಯ ಹಂತದಲ್ಲಿ ಬಂತು.

ಎಂಟನೇ ತಿಂಗಳು ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು, ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟು ಅಪರಾಧದ ಸಂಜ್ಞೆ ತೆಗೆದುಕೊಂಡು, ಅಂದರೆ ಕೇಸನ್ನು ವಿಚಾರಣೆಗೆ ಪರಿಗಣಿಸಿ, ಸಮನ್ಸ್ ಕಳಿಸಿತು. ಈ ಕಾಯ್ದೆಯ ಹೃದಯ ಇರುವುದು ಇಲ್ಲೇ, ಕಲಂ 13(3)ರಲ್ಲಿ. ಎಫ್‌ಐಆರ್ ಹಾಕಬಹುದು, ಬಂಧಿಸಬಹುದು, ಶೋಧಿಸಬಹುದು. ಆದರೆ ‘ಸೂಕ್ತ ಸರ್ಕಾರ’ದ ಆದೇಶದಿಂದ ಅಥವಾ ಅದು ಅಧಿಕಾರ ಕೊಟ್ಟ ಅಧಿಕಾರಿಯಿಂದ ಲಿಖಿತ ದೂರು ಬಾರದೆ ಯಾವ ಕೋರ್ಟೂ ಸಂಜ್ಞೆ ತೆಗೆದುಕೊಳ್ಳುವಂತಿಲ್ಲ. ಪೊಲೀಸರ ದೋಷಾರೋಪ ಪಟ್ಟಿ ಅಂಥ ದೂರಲ್ಲ. ಸೂಕ್ತ ಸರ್ಕಾರ ಯಾವುದು ಎಂಬುದೂ 13ರಲ್ಲೇ ಇದೆ. ನಿಷೇಧಿತ ಸ್ಥಳಕ್ಕೂ ಪರರಾಷ್ಟ್ರಕ್ಕೂ ಸಂಬಂಧವಿಲ್ಲದ ಕಲಂ 5ರ ಅಪರಾಧಕ್ಕೆ ರಾಜ್ಯ ಸರ್ಕಾರ, ಉಳಿದೆಲ್ಲಕ್ಕೂ ಕೇಂದ್ರ. ನಮ್ಮ ಕೇಸಿನ ಗಂಟು ಇಲ್ಲಿ ಬಿಚ್ಚಿತು. ಜಲಾಶಯ ನಿಷೇಧಿತ ಸ್ಥಳ ಎನ್ನುವುದಾದರೆ ಕೇಂದ್ರದ ದೂರು ಎಲ್ಲಿ? ಅಲ್ಲ ಎನ್ನುವುದಾದರೆ ಕಲಂ 3 ಏಕೆ? ದೋಷಾರೋಪ ಪಟ್ಟಿಯ ಜೊತೆಗಿದ್ದದ್ದು ಜಿಲ್ಲಾ ಮಟ್ಟದ ಅಧಿಕಾರಿಯೊಬ್ಬರ ಪತ್ರ. ಅವರಿಗೆ ಯಾವ ಸರ್ಕಾರವೂ ಅಧಿಕಾರ ಕೊಟ್ಟ ಆದೇಶ ಅದರಲ್ಲಿರಲಿಲ್ಲ.

ಸರಿಯಾದ ದೂರು ಬಂದಿದ್ದರೆ ಇನ್ನೊಂದು ಅವಕಾಶ ಸಿಗುತ್ತಿತ್ತು. ಸುರಕ್ಷಾ ಸಂಹಿತೆಯ ಕಲಂ 223ರ ಪ್ರಕಾರ ದೂರಿನ ಮೇಲೆ ಸಂಜ್ಞೆ ತೆಗೆದುಕೊಳ್ಳುವ ಮುನ್ನ ಆರೋಪಿಯ ಮಾತು ಕೇಳಬೇಕು. ಹಳೆಯ ಸಂಹಿತೆಯಲ್ಲಿ ಇದಿರಲಿಲ್ಲ. ಆ ಆಲಿಸುವಿಕೆ ಹೇಗೆ ನಡೆಯಬೇಕು ಎಂಬುದನ್ನು ಕರ್ನಾಟಕ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಬಸನಗೌಡ ಯತ್ನಾಳ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ನಿಮ್ಮ ಕೇಸಿನಲ್ಲಿ ದೂರು ಬಂದರೆ ಈ ಹಂತವನ್ನು ಬಿಟ್ಟುಕೊಡಬೇಡಿ.

ಹೈಕೋರ್ಟಿನ ಧಾರವಾಡ ಪೀಠದಲ್ಲಿ ಸುರಕ್ಷಾ ಸಂಹಿತೆಯ ಕಲಂ 528ರಡಿ ರದ್ದತಿ ಅರ್ಜಿ ಹಾಕಿದ್ದು ಒಂಬತ್ತನೇ ತಿಂಗಳು. ಹತ್ತನೇ ತಿಂಗಳು ತಡೆಯಾಜ್ಞೆ. ಅಲ್ಲಿಂದ ತೀರ್ಪಿಗೆ ಇನ್ನೂ ಏಳು ತಿಂಗಳು, ಅದರಲ್ಲಿ ನಿಜವಾದ ವಾದ ನಡೆದದ್ದು ಎರಡೇ ದಿನ. ಉಳಿದದ್ದೆಲ್ಲ ಪಟ್ಟಿಯಲ್ಲಿ ಸಂಖ್ಯೆ ನೋಡುವುದು, ಬೆಳಿಗ್ಗೆ ಬಸ್ಸು ಹತ್ತುವುದು, ಸಂಜೆ ‘ಮುಂದಿನ ವಾರ’ ಎಂದು ಕೇಳಿ ಮರಳುವುದು.

ವಾದದಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದು ಮುಖ್ಯ. ‘ಗೌಪ್ಯ’ ಎಂಬ ಮೊಹರು ಬಿದ್ದ ಮಾತ್ರಕ್ಕೆ ಅಪರಾಧವಾಗದು ಎಂಬುದಕ್ಕೆ ನಮ್ಮ ವಕೀಲರು ಪತ್ರಕರ್ತ ಸಂತನು ಸೈಕಿಯಾ ಪ್ರಕರಣವನ್ನು ಓದಿದರು. ಬಂಡವಾಳ ಹಿಂತೆಗೆತದ ಸಂಪುಟ ಟಿಪ್ಪಣಿಯ ವಿವರ ಪ್ರಕಟಿಸಿದ್ದಕ್ಕೆ 1999ರಲ್ಲಿ ಹೂಡಿದ ಕೇಸಿನಿಂದ ಅವರನ್ನು ದೆಹಲಿ ಕೋರ್ಟು ಬಿಡುಗಡೆ ಮಾಡಿದ್ದು 2009ರಲ್ಲಿ. ಹತ್ತು ವರ್ಷ! ಎದುರಿನವರು ಸಮಾ ಅಲಾನಾ ಅಬ್ದುಲ್ಲಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನು ಓದಿದರು. ಕಾಯ್ದೆಯಲ್ಲಿನ ‘ರಹಸ್ಯ’ ಎಂಬ ಪದ ಸಂಕೇತ, ಗುಪ್ತಪದಗಳಿಗೆ ಮಾತ್ರ ಅನ್ವಯ, ನಕ್ಷೆ ಟಿಪ್ಪಣಿಗಳು ರಹಸ್ಯವೇ ಆಗಿರಬೇಕಿಲ್ಲ ಎನ್ನುತ್ತದೆ ಅದು. ಈ ಇನ್ನೊಂದು ಬದಿ ಗೊತ್ತಿಲ್ಲದೆ ‘ಇದರಲ್ಲಿ ರಹಸ್ಯವೇನಿದೆ’ ಎಂದಷ್ಟೇ ವಾದಿಸಿದರೆ ಸೋಲುತ್ತೀರಿ. ಶತ್ರುವಿಗೆ ನೆರವಾಗುವಂಥದ್ದೇನಿದೆ, ದೇಶದ ಭದ್ರತೆಗೆ ಧಕ್ಕೆ ಎಲ್ಲಿದೆ ಎಂದು ಕಾಯ್ದೆಯ ಮಾತನ್ನೇ ಹಿಡಿದು ಕೇಳಬೇಕು.

ರಫೇಲ್ ಯುದ್ಧವಿಮಾನ ಖರೀದಿಯ ಪ್ರಕರಣದ 2019ರ ಏಪ್ರಿಲ್ 10ರ ತೀರ್ಪೂ ಚರ್ಚೆಗೆ ಬಂತು. ಆ ವರ್ಷ ಫೆಬ್ರುವರಿಯಲ್ಲಿ ‘ದಿ ಹಿಂದೂ’ ಪತ್ರಿಕೆಯಲ್ಲಿ ಎನ್. ರಾಮ್ ಪ್ರಕಟಿಸಿದ ರಕ್ಷಣಾ ಸಚಿವಾಲಯದ ಟಿಪ್ಪಣಿಗಳು ಕದ್ದವು ಎಂದು ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಹೇಳಿತ್ತು. ರಹಸ್ಯ ಎಂದು ಗುರುತಾದ ದಾಖಲೆಯ ಪ್ರಕಟಣೆಯನ್ನು ತಡೆಯುವ ಅಧಿಕಾರ ಈ ಕಾಯ್ದೆ ಸರ್ಕಾರಕ್ಕೆ ಕೊಟ್ಟಿಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮಾಹಿತಿ ಹಕ್ಕು ಕಾಯ್ದೆಯ 8(2) ಮತ್ತು 22 ಈ ಹಳೆಯ ಕಾಯ್ದೆಯನ್ನು ಮೀರಿ ನಿಲ್ಲುತ್ತವೆ ಎಂಬುದೂ ಅಲ್ಲಿ ಚರ್ಚೆಯಾಗಿದೆ. ಇದನ್ನು ಓದಿ ಬಹಳ ಪತ್ರಕರ್ತರು ‘ಹಾಗಾದರೆ ಪ್ರಕಟಿಸಬಹುದು’ ಎಂದುಕೊಳ್ಳುತ್ತಾರೆ. ಮುಂಚೆ ತಡೆಯುವುದು ಬೇರೆ, ಆಮೇಲೆ ಶಿಕ್ಷಿಸುವುದು ಬೇರೆ. ವಿಯೆಟ್ನಾಂ ಯುದ್ಧದ ಬಗೆಗಿನ ಅಮೆರಿಕದ ಪೆಂಟಗನ್ ದಾಖಲೆಗಳ 1971ರ ತೀರ್ಪೂ ತಡೆಯ ಬಗ್ಗೆಯೇ ಇತ್ತು, ಆಮೇಲಿನ ಮೊಕದ್ದಮೆಗೆ ಬಾಗಿಲು ಮುಚ್ಚಿರಲಿಲ್ಲ. ಆ ಬಾಗಿಲಿನಿಂದಲೇ ವಿಕಿಲೀಕ್ಸ್‌ನ ಜೂಲಿಯನ್ ಅಸಾಂಜ್ ಮೇಲೆ ಕೇಸು ಬಂತು, 2024ರ ಜೂನ್‌ನಲ್ಲಿ ತಪ್ಪೊಪ್ಪಿಗೆ ಕೊಟ್ಟು ಅವರು ಹೊರಬರಬೇಕಾಯಿತು.

ಹದಿನೇಳನೇ ತಿಂಗಳು ತೀರ್ಪು. ಅಧಿಕೃತ ರಹಸ್ಯ ಕಾಯ್ದೆಯಡಿ ಸಂಜ್ಞೆ ತೆಗೆದುಕೊಂಡದ್ದು 13(3)ಕ್ಕೆ ವಿರುದ್ಧ, ರದ್ದು. ಕಳವಿನ ಕಲಮುಗಳೂ ರದ್ದು, ಏಕೆಂದರೆ ಮೂಲ ಕಡತ ಇಲಾಖೆಯಲ್ಲೇ ಇತ್ತು, ಕದ್ದವರು ಯಾರು, ಕಾಣೆಯಾದದ್ದು ಏನು ಎಂಬುದು ದೋಷಾರೋಪ ಪಟ್ಟಿಯಲ್ಲಿರಲಿಲ್ಲ. ಇದನ್ನು ನೆಚ್ಚಿಕೊಳ್ಳಬೇಡಿ: ಕಡತವನ್ನು ತಾತ್ಕಾಲಿಕವಾಗಿ ಹೊರಗೆ ಒಯ್ದು ಮರಳಿ ಇಟ್ಟರೂ ಕಳವೇ ಎಂದು 1963ರ ಪ್ಯಾರೇಲಾಲ್ ಭಾರ್ಗವ ತೀರ್ಪು ಹೇಳುತ್ತದೆ. ಪತ್ರಿಕೆ ಪ್ರಕಟಿಸಿದ್ದು ಸರಿಯೇ, ಜನ ತಿಳಿಯುವ ಹಕ್ಕು ದೊಡ್ಡದೇ ಎಂಬ ಪ್ರಶ್ನೆಗಳಿಗೆ ನ್ಯಾಯಾಲಯ ಹೋಗಲಿಲ್ಲ. ಹೋಗಬೇಕಿರಲಿಲ್ಲವೂ ಕೂಡ. ನಮಗೆ ಬೇಕಿದ್ದ ಆ ಒಂದು ಸಾಲು ಸಿಗಲಿಲ್ಲ ಎಂಬ ನೋವು ಇದೆ.

ಖರ್ಚಿನ ಲೆಕ್ಕ: ಜಾಮೀನಿನ ಹಂತಕ್ಕೆ 40 ಸಾವಿರ, ಹೈಕೋರ್ಟಿಗೆ 1 ಲಕ್ಷ 50 ಸಾವಿರ, ಬದಲಿ ಫೋನು ಮತ್ತು ಕಂಪ್ಯೂಟರಿಗೆ 92 ಸಾವಿರ, ಪ್ರತಿ, ಟೈಪಿಂಗ್, ಓಡಾಟಕ್ಕೆ 31 ಸಾವಿರ. ಒಟ್ಟು 3 ಲಕ್ಷ 13 ಸಾವಿರ. ವಕೀಲರು ನಮ್ಮ ಸ್ಥಿತಿ ನೋಡಿ ಕಡಿಮೆ ತೆಗೆದುಕೊಂಡದ್ದು ಇಷ್ಟು.

ತೀರ್ಪು ಬಂದರೂ ಸಾಧನಗಳು ತಾವಾಗಿ ಬರುವುದಿಲ್ಲ. ಜೆಎಂಎಫ್‌ಸಿ ಕೋರ್ಟಿನಲ್ಲಿ ಬೇರೆ ಅರ್ಜಿ ಹಾಕಬೇಕು. ಬಿಲ್ಲು, ಐಎಂಇಐ ಇರುವ ಮಹಜರಿನ ಪ್ರತಿ, ಹೈಕೋರ್ಟ್ ಆದೇಶದ ದೃಢೀಕೃತ ಪ್ರತಿ ಲಗತ್ತಿಸಬೇಕು. ಫೋನಿನ ಬಿಲ್ಲು ಇಲ್ಲದ್ದಕ್ಕೆ ನಮ್ಮ ವರದಿಗಾರ ಪ್ರಮಾಣಪತ್ರ ಕೊಡಬೇಕಾಯಿತು, ಅದಕ್ಕೇ ಮೂರು ವಾರ ಹೋಯಿತು. ಬ್ಯಾಟರಿ ಉಬ್ಬಿ ಪರದೆ ಮೇಲೆದ್ದಿದೆ.

ಆ ಫೋನುಗಳನ್ನು ನಾವು ಆನ್ ಮಾಡಿಲ್ಲ. ತೀರ್ಪಿನ ಕೊನೆಯ ಪ್ಯಾರಾದಲ್ಲಿ, ಕಾನೂನಿನಂತೆ ಹೊಸದಾಗಿ ದೂರು ಸಲ್ಲಿಸಲು ಸರ್ಕಾರಕ್ಕೆ ಸ್ವಾತಂತ್ರ್ಯ ಕಾಯ್ದಿರಿಸಲಾಗಿದೆ ಎಂದಿದೆ. 3 ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಸುರಕ್ಷಾ ಸಂಹಿತೆಯ 514ರ ಪ್ರಕಾರ ಕಾಲಮಿತಿ 3 ವರ್ಷ. ಸಂಚಿಕೆ ಹೊರಬಂದ ದಿನದಿಂದ ಎಣಿಸಿದರೆ ಇನ್ನೂ 17 ತಿಂಗಳು ಬಾಕಿ. ಅರಗು ಒಡೆದ ಅದೇ ಕವರುಗಳಲ್ಲಿ ಹಾಕಿ, ಕೋರ್ಟಿನ ರಸೀದಿ ಜೊತೆಗಿಟ್ಟು, ಬೀರುವಿನಲ್ಲಿ ಬೀಗ ಹಾಕಿದ್ದೇವೆ. ಬೀಗದ ಕೈ ವಕೀಲರ ಹತ್ತಿರ ಇದೆ.